ಹನ್ನೊಂದನೆಯ ಎಲೆ

ಮೊದಲೇ ಹೇಳಿಬಿಡುತ್ತೇನೆ, ಇಂಥ ಕಥೆಗಳನ್ನು ನಂಬುವ ಜನ ನಾನಲ್ಲ. ಹೈಸ್ಕೂಲಿನಲ್ಲಿ ಲೆಕ್ಕ ಕಲಿಸುತ್ತಾ ತಲೆ ಬೆಳ್ಳಗೆ ಮಾಡಿಕೊಂಡವನು. ಸ್ಟಾಫ್ ರೂಮಿನಲ್ಲಿ ಯಾರಾದರೂ “ನಮ್ಮ ಅಜ್ಜಿ ಸತ್ತ ದಿನ ಮನೆಯ ಗಡಿಯಾರ ನಿಂತುಹೋಯಿತು” ಎಂದು ಶುರುಮಾಡಿದರೆ, “ಅದಕ್ಕೆ ದಿನಾ ಕೀ ಕೊಡುತ್ತಿದ್ದದ್ದು ಅಜ್ಜಿಯೇ ಅಲ್ಲವೇ?” ಎಂದು ಕೇಳಿ ಅವರ ಬಾಯಿ ಮುಚ್ಚಿಸುತ್ತಿದ್ದೆ. ಈ ಕೊಂಕುಬುದ್ಧಿಗಾಗಿ ಜೊತೆಯವರು ನನ್ನನ್ನು ಹಿಂದಿನಿಂದ ಬೈದುಕೊಂಡದ್ದೂ ನನಗೆ ಗೊತ್ತಿದೆ. ಈಗ ನಾನೇ ಅಂಥದ್ದೊಂದನ್ನು ಬರೆಯಲು ಕೂತಿದ್ದೇನೆ. ನಗುವವರು ನಗಿ, ಬೇಸರವಿಲ್ಲ. ಓದಿದ ಮೇಲೆ ನಾನು ಎಲ್ಲಿ ತಪ್ಪಿದೆ ಎಂದು ತೋರಿಸಿಕೊಟ್ಟರೆ ದೊಡ್ಡ ಉಪಕಾರವಾದೀತು.

ಐವತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾನು ಮೂಡಬಿದ್ರೆಯಲ್ಲಿ ಮಾಸ್ತರನಾಗಿದ್ದೆ. ಮನೆ ಬಂಟ್ವಾಳದ ಹತ್ತಿರ, ನರಿಕೊಂಬಿನಲ್ಲಿ. ಶನಿವಾರ ಶಾಲೆ ಬಿಟ್ಟ ಮೇಲೆ ಬಸ್ಸು ಹತ್ತಿ ಮನೆಗೆ ಬಂದರೆ ಸೋಮವಾರ ಬೆಳಗ್ಗೆ ವಾಪಸು. ಮನೆಯಲ್ಲಿದ್ದವರು ಇಬ್ಬರೇ, ಅಮ್ಮ ಮತ್ತು ಅಮ್ಮನ ಅಣ್ಣ, ಅಂದರೆ ನನ್ನ ಮಾವ. ನಮ್ಮದು ಅಳಿಯಸಂತಾನದ ಕುಟುಂಬ. ಯಜಮಾನಿಕೆ ಮಾವನದು, ಅವರ ನಂತರ ಅಳಿಯಂದಿರದು. ಅಪ್ಪ ನಾನು ಚಿಕ್ಕವನಿರುವಾಗಲೇ ತೀರಿಕೊಂಡಿದ್ದರು.

ಆ ವರ್ಷ ಸುಗ್ಗಿ ತಿಂಗಳಲ್ಲಿ, ಅಂದರೆ ಮಾರ್ಚ್ ಹೊತ್ತಿಗೆ, ಮಾವ ಇದ್ದಕ್ಕಿದ್ದಂತೆ “ಬದರಿಗೆ ಹೋಗುವ” ಎಂದರು. ಮಂಗಳೂರು ದಾಟಿ ಆಚೆ ಹೋದವರಲ್ಲ. ಹಿಮ ಕರಗಿ ದೇವಸ್ಥಾನದ ಬಾಗಿಲು ತೆರೆಯುವುದು ಎಪ್ರಿಲ್ ಕೊನೆಯಲ್ಲೋ ಮೇ ತಿಂಗಳಲ್ಲೋ ಎಂದು ಎಲ್ಲಿಂದಲೋ ತಿಳಿದುಕೊಂಡು ಬಂದಿದ್ದರು. ನನಗೆ ಆಗ ಬೇಸಿಗೆ ರಜೆ. ಮೇಲಿಂದ ಹಿಂದಿ ಪರೀಕ್ಷೆ ಬೇರೆ ಪಾಸು ಮಾಡಿದ್ದೆ. ನನ್ನನ್ನು ಒಂದು ಮಾತು ಕೇಳದೆಯೇ ನಾನು ಕರೆದುಕೊಂಡು ಹೋಗುವುದೆಂದು ತೀರ್ಮಾನವಾಯಿತು. ಅರುವತ್ತು ದಾಟಿದ ಇಬ್ಬರನ್ನು ಮದರಾಸಿನಿಂದ ದಿಲ್ಲಿ, ದಿಲ್ಲಿಯಿಂದ ಹರಿದ್ವಾರ, ಅಲ್ಲಿಂದ ಬಸ್ಸು, ಬಸ್ಸು ನಿಂತಲ್ಲಿಂದ ಎರಡು ದಿನದ ಕಾಲುದಾರಿ ಎಂದು ಕರೆದೊಯ್ಯುವುದು ಸಣ್ಣ ಮಾತಾಗಿರಲಿಲ್ಲ. ಆಗ ಬದರಿಗೆ ಹೊರಟವರನ್ನು ಜನ ಕಳುಹಿಸಿಕೊಡುತ್ತಿದ್ದದ್ದೂ ಹಾಗೆಯೇ, ಇನ್ನು ನೋಡುತ್ತೇವೋ ಇಲ್ಲವೋ ಎಂಬಂತೆ.

ದಾರಿ ವಿಚಾರಿಸಲು ಮಾವ ಮತ್ತು ನಾನು ಮುಂಡಾಜೆಗೆ ಹೋದೆವು. ಅಲ್ಲಿ ಬದರಿಗೆ ಹೋಗಿ ಬಂದ ಒಬ್ಬರು ವಯಸ್ಸಾದ ಭಟ್ಟರಿದ್ದರು. ಕಂಬಳಿ ಎಷ್ಟು ಬೇಕು, ಕಾಲರಾ ಇಂಜೆಕ್ಷನಿನ ಚೀಟಿ ಎಲ್ಲಿ ಕೇಳುತ್ತಾರೆ, ದಾರಿಯ ತಂಗುಮನೆಗಳಾದ ಚಟ್ಟಿಗಳಲ್ಲಿ ಯಾವುದರಲ್ಲಿ ಅಕ್ಕಿ ಸಿಗುತ್ತದೆ, ಎಲ್ಲವನ್ನೂ ಹೇಳಿ ಕೊನೆಗೆ ಮುಖ್ಯ ವಿಷಯಕ್ಕೆ ಬಂದರು.

“ಅಲ್ಲಿ ಬ್ರಹ್ಮಕಪಾಲ ಅಂತ ಒಂದು ಬಂಡೆ ಉಂಟು, ಶೆಟ್ರೇ. ಅದರಲ್ಲಿ ಪಿಂಡ ಇಟ್ಟರೆ ಮುಗೀತು. ಸತ್ತವರಿಗೆ ಮತ್ತೆ ಹಸಿವೆ ಇಲ್ಲ, ನಮಗೂ ಮತ್ತೆ ಏನೂ ಮಾಡ್ಲಿಕ್ಕಿಲ್ಲ. ಹೆಸರುಗಳ ಪಟ್ಟಿ ಇಲ್ಲಿಂದಲೇ ಬರೆದು ತಕೊಂಡು ಹೋಗಿ. ಆ ಚಳಿಗೆ ತಲೆ ಓಡುವುದಿಲ್ಲ, ಸ್ವಂತ ಅಪ್ಪನ ಹೆಸರೇ ಮರೆತು ಹೋಗ್ತದೆ.”

“ಅಪ್ಪನ ಅಪ್ಪನ ಹೆಸರು ಕೇಳಿದ್ರೆ ನಮ್ಮಲ್ಲಿ ಕಷ್ಟ ಭಟ್ರೇ,” ಎಂದರು ಮಾವ. “ಮಾವನ ಮಾವನ ಹೆಸರು ಕೇಳಿ, ಐದು ತಲೆ ಈಗಲೇ ಹೇಳ್ತೇನೆ.”

ಭಟ್ಟರು ನಕ್ಕರು. “ಯಾವ ಕಡೆಯ ಹೆಸರೂ ಆಗ್ತದೆ. ಒಂದು ಮಾತ್ರ ಜಾಗ್ರತೆ. ಬದುಕಿದ್ದವನ ಹೆಸರು ತಪ್ಪಿಯೂ ಅದರಲ್ಲಿ ಬೀಳಬಾರದು. ಬಿದ್ದರೆ ಅವನಿಗೆ ಇಲ್ಲಿಯ ಅನ್ನವೂ ಇಲ್ಲ, ಅಲ್ಲಿಯ ಅನ್ನವೂ ಇಲ್ಲ.”

ಮಾವನ ನಗು ಅಲ್ಲಿಗೇ ನಿಂತಿತು. ವಾಪಸು ಬರುವಾಗ ಬಸ್ಸು ಬೆಳ್ತಂಗಡಿಯಲ್ಲಿ ಸ್ವಲ್ಪ ಹೊತ್ತು ನಿಂತಿತ್ತು. ಮಾವ ಹೊರಗೆ ನೋಡುತ್ತಲೇ ಹೇಳಿದರು: “ಪಟ್ಟಿಯಲ್ಲಿ ವಿಠಲನದ್ದೂ ಬರಿ. ನಿನ್ನ ಅಮ್ಮನಿಗೆ ಹೇಳುವುದು ಬೇಡ.”

ವಿಠಲ ನನ್ನ ಅಣ್ಣ. ನನಗಿಂತ ಆರು ವರ್ಷ ದೊಡ್ಡವನು. ಹದಿನೆಂಟರಲ್ಲಿ ಬೊಂಬಾಯಿಗೆ ಹೋಗಿ ಹೋಟೆಲಿನಲ್ಲಿ ಕೆಲಸಕ್ಕಿದ್ದ. ಎರಡು ವರ್ಷ ಕಾಗದ ಬಂತು. ಕೊನೆಯದರಲ್ಲಿ ಹಡಗಿನ ಕೆಲಸ ಸಿಗುವ ಹಾಗಿದೆ ಎಂದು ಬರೆದಿದ್ದ. ಅಷ್ಟೇ. ಮತ್ತೆ ಕಾಗದವಿಲ್ಲ, ಕಂಡವರಿಲ್ಲ. ಬೊಂಬಾಯಿಯಿಂದ ಊರಿಗೆ ಬಂದವರು ಯಾರೇ ಇರಲಿ, ಅಮ್ಮ ಅವರ ಮನೆಗೆ ಹೋಗಿ ಜಗಲಿಯಲ್ಲಿ ಕೂತು ವಿಚಾರಿಸಿ ಬರುತ್ತಿದ್ದರು. ಹೀಗೆ ಹದಿಮೂರು ವರ್ಷ ಕಳೆದಿತ್ತು. ಹನ್ನೆರಡು ವರ್ಷ ಸುದ್ದಿ ಇಲ್ಲದವನನ್ನು ಸತ್ತವನೆಂದು ತಿಳಿದು ಕ್ರಿಯೆ ಮಾಡುವುದು ಹಿಂದಿನಿಂದ ಬಂದ ಕ್ರಮ. ಅಮ್ಮನ ಹತ್ತಿರ ಆ ಮಾತು ಎತ್ತುವ ಧೈರ್ಯ ಯಾರಿಗೂ ಇರಲಿಲ್ಲ.

ಮಾವ ಕಲ್ಲು ಮನಸ್ಸಿನವರೆಂದು ತಿಳಿಯಬೇಡಿ. ವಿಠಲಣ್ಣ ಮನೆ ಬಿಟ್ಟದ್ದೇ ಮಾವ ಕೆನ್ನೆಗೆ ಹೊಡೆದದ್ದಕ್ಕೆ. ಶಾಲೆಗೆ ಹೋಗುತ್ತೇನೆಂದು ಹೇಳಿ ವಿಟ್ಲದ ಪೇಟೆಯಲ್ಲಿ ಅಲೆಯುತ್ತಿದ್ದ, ಅದಕ್ಕೆ. ಆ ಒಂದು ಏಟು ಮಾವನನ್ನು ಹದಿನೈದು ವರ್ಷ ತಿಂದಿತ್ತು. “ಸತ್ತಿದ್ದರೆ ಅವನು ಹಸಿದುಕೊಂಡು ಇರ್ತಾನೆ ಮಾರಾಯ, ನಾನು ಸತ್ತ ಮೇಲೆ ಅವನಿಗೆ ಯಾರು ಕೊಡುವುದು?” ಎಂದು ಅದೇ ಬಸ್ಸಿನಲ್ಲಿ ನನ್ನ ಕೈ ಹಿಡಿದುಕೊಂಡು ಕೇಳಿದರು. ಅವರ ಕಣ್ಣಲ್ಲಿ ನೀರು ಕಂಡದ್ದು ನಾನು ಅದೇ ಮೊದಲು.

ಬರೆದೆ. ಇದರಲ್ಲೆಲ್ಲ ನಂಬಿಕೆ ಇಲ್ಲದವನಿಗೆ ಒಂದು ಹೆಸರು ಹೆಚ್ಚು ಬರೆದರೇನು, ಕಡಿಮೆ ಬರೆದರೇನು! ಹತ್ತು ಹೆಸರು ಒಂದರ ಕೆಳಗೊಂದು, ಹನ್ನೊಂದನೆಯದು ವಿಠಲ. ಅಮ್ಮನಿಗೆ ಓದಲು ಬರುತ್ತಿರಲಿಲ್ಲ. ರಾತ್ರಿ ಊಟಕ್ಕೆ ಮುಂಚೆ “ಪಟ್ಟಿ ಆಯ್ತಾ, ಒಮ್ಮೆ ಓದಿ ಹೇಳು” ಎಂದರು. ನಾನು ಹತ್ತು ಓದಿ ಕಾಗದ ಮಡಚಿದೆ.

“ಅಷ್ಟೇಯಾ?”

“ಅಷ್ಟೇ.”

ಅಮ್ಮ ನನ್ನ ಮುಖವನ್ನೊಮ್ಮೆ ನೋಡಿ ಒಳಗೆ ಹೋದರು. ಅಂದಿನಿಂದ ಹೊರಡುವವರೆಗೆ ನನಗೆ ನೆಮ್ಮದಿ ಇಲ್ಲ. ಕಾಗದವನ್ನು ಎಲ್ಲಿಟ್ಟರೂ ಸಮಾಧಾನವಿಲ್ಲ. ಓದಲು ಬಾರದವರು ಅದನ್ನು ಕಂಡರೂ ಏನೂ ಆಗದು ಎಂದು ಗೊತ್ತಿದ್ದೂ ಅಂಗಿಯ ಕಿಸೆಯಲ್ಲೇ ಇಟ್ಟುಕೊಂಡು ಮೂಡಬಿದ್ರೆಗೂ ನರಿಕೊಂಬಿಗೂ ಓಡಾಡಿದೆ.

ಉಳಿದ ತಯಾರಿ ನಡೆಯುತ್ತಲೇ ಇತ್ತು. ಅವಲಕ್ಕಿ ಹುರಿದಾಯಿತು, ಮಿಡಿ ಉಪ್ಪಿನಕಾಯಿ ಡಬ್ಬಕ್ಕೆ ತುಂಬಿಸಿಯಾಯಿತು. ಇಂಜೆಕ್ಷನ್ ಚುಚ್ಚಿಸಿಕೊಂಡ ಮಾವ ತೋಳು ಊದಿಸಿಕೊಂಡು ಎರಡು ದಿನ ಮನೆ ತುಂಬ ನರಳಿದರು. ಅಮ್ಮ ಹುಟ್ಟಿದ ಮೇಲೆ ಕಾಲಿಗೆ ಏನೂ ಹಾಕಿದವರಲ್ಲ. ನಾನು ತಂದ ಕ್ಯಾನ್ವಾಸ್ ಶೂ ಹಾಕಿಕೊಂಡು, ಯಾರಾದರೂ ನೋಡಿಯಾರೆಂಬ ನಾಚಿಕೆಯಿಂದ ಮುಸ್ಸಂಜೆ ಹೊತ್ತು ಅಂಗಳದಲ್ಲಿ ನಡೆಯುವ ಅಭ್ಯಾಸ ಮಾಡುತ್ತಿದ್ದರು. ನಂಟರ ಮನೆಗಳಿಗೆಲ್ಲ ಹೋಗಿ “ತಪ್ಪು ಒಪ್ಪು ಮನಸ್ಸಿನಲ್ಲಿ ಇಟ್ಟುಕೊಳ್ಬೇಡಿ” ಎಂದು ಹೇಳಿ ಬಂದದ್ದೂ ಆಯಿತು.

ಉಳಿದದ್ದು ಒಂದೇ, ಹಿರಿಯರಿಗೆ ಬಡಿಸುವುದು. ನಮ್ಮ ಕಡೆ ದೂರ ಹೊರಡುವ ಮುಂಚೆ ಮನೆಯಲ್ಲಿ ಸತ್ತವರಿಗೆಲ್ಲ ಎಲೆ ಹಾಕಿ, ಬಡಿಸಿ, ಬಾಗಿಲು ಮುಚ್ಚಿ ಹೊರಗೆ ಕೂತುಕೊಳ್ಳುತ್ತೇವೆ. ಅವರು ಬಂದು ಉಂಡು ಹೋಗುವಷ್ಟು ಹೊತ್ತು ಬಿಟ್ಟು ಬಾಗಿಲು ತೆಗೆದು, ಕೈಮುಗಿದು ಅಪ್ಪಣೆ ಕೇಳುವುದು. ಇನ್ನು ಮುಂದೆ ಇವರಿಗೆ ಬಡಿಸಲಿಕ್ಕಿಲ್ಲ, ಬ್ರಹ್ಮಕಪಾಲದಲ್ಲಿ ಎಲ್ಲ ಮುಗಿಯುತ್ತದೆ, ಆದ್ದರಿಂದ ಇದು ಕೊನೆಯ ಊಟ, ಚೆನ್ನಾಗಿ ಆಗಬೇಕು ಎಂದರು ಮಾವ. ಯಾತ್ರೆಯ ವ್ರತ ಹಿಡಿದಿದ್ದ ಅಮ್ಮ ಕೋಳಿ ಬೇಡವೆಂದರು. “ಬದರಿಗೆ ಹೋಗುವುದು ನಾವು, ಅವರಲ್ಲ. ನಮ್ಮ ದೊಡ್ಡಮಾವನ ಎಲೆಗೆ ಬರೀ ಸೌತೆಕಾಯಿ ಹಾಕಿದ್ರೆ ನಾಳೆ ರೈಲು ಹಳಿ ತಪ್ಪೀತು” ಎಂದು ಮಾವ ಹಟ ಹಿಡಿದು ಕೋಳಿ ಮಾಡಿಸಿದರು.

ಹೊರಡಲು ಮೂರು ದಿನ ಇತ್ತು. ಮಧ್ಯಾಹ್ನ. ಹೊರಗೆ ಕಣ್ಣು ಬಿಡಲಾಗದ ಬಿಸಿಲು. ಚಾವಡಿಗೆ ತಾಗಿದ ಒಳಕೋಣೆಗೆ ಒಂದೇ ಬಾಗಿಲು, ಕಿಟಕಿ ಇಲ್ಲ. ಎಲೆ ಹಾಕಿದವನು ನಾನು. ಇಲ್ಲಿ ಒಂದು ಸಂಗತಿ ಗಮನಿಸಬೇಕು. ಬದುಕಿದ್ದವರಿಗೆ ಬಾಳೆಲೆಯ ತುದಿ ಉಣ್ಣುವವನ ಎಡಕ್ಕೆ ಬರಬೇಕು. ಸತ್ತವರಿಗೆ, ನಮ್ಮ ಮನೆಯ ಕ್ರಮದಲ್ಲಿ, ತುದಿ ಬಲಕ್ಕೆ. ಹತ್ತು ಎಲೆಗಳನ್ನು ಹಾಗೆಯೇ ಎರಡು ಸಾಲು ಹಾಕಿದೆ. ಹನ್ನೊಂದನೆಯದನ್ನು ಹೊಸ್ತಿಲಿನಿಂದ ನೋಡಿದರೆ ಕಾಣದಂತೆ, ಭತ್ತ ತುಂಬಿಸುವ ದೊಡ್ಡ ಮರದ ಪೆಟ್ಟಿಗೆಗೂ ಗೋಡೆಗೂ ನಡುವೆ ಹಾಕಿದೆ. ಅವಸರದಲ್ಲಿ ಎಲೆಯ ತುದಿ ಪೆಟ್ಟಿಗೆಯ ಕಾಲಿಗೆ ತಾಗಿ ಎರಡು ಬೆರಳಷ್ಟು ಸೀಳಿತು. ಬೇರೆ ಎಲೆ ತರೋಣವೇ ಎಂದು ಯೋಚಿಸಿದೆ. ತರಲು ಹೋದರೆ ಅಮ್ಮ ಇದು ಯಾರಿಗೆ ಎಂದು ಕೇಳಿಯಾರು. ಸೀಳಿದ ತುದಿಯನ್ನು ಪೆಟ್ಟಿಗೆಯ ಕಡೆಗೇ, ಅಂದರೆ ಬಲಕ್ಕೆ, ಸರಿಯಾಗಿ ಒತ್ತಿ ಇಟ್ಟು ಹೊರಗೆ ಬಂದು ಕೈ ತೊಳೆದೆ.

ಅಮ್ಮ ಹೊಸ್ತಿಲಿನ ಹೊರಗೆ ನಿಂತು ಪಾತ್ರೆಗಳನ್ನು ಕೊಟ್ಟರು, ಮಾವ ಒಳಗೆ ಬಡಿಸಿದರು. ಹೆಸರು ಹಿಡಿದು ಕರೆದು ಬಡಿಸುವುದು ಕ್ರಮ. ಹತ್ತು ಹೆಸರು ಕೇಳಿತು. ಹನ್ನೊಂದನೆಯದು ಹೊರಗೆ ಕೇಳಲಿಲ್ಲ. ಮಾವ ಬೆವರು ಒರೆಸುತ್ತಾ ಬಂದು ಬಾಗಿಲು ಎಳೆದು ಚಿಲಕ ಹಾಕಿದರು. ಮೂವರೂ ಚಾವಡಿಯಲ್ಲಿ ಬಾಗಿಲಿಗೆ ಎದುರಾಗಿಯೇ ಕೂತೆವು. ಯಾರೂ ಎದ್ದು ಹೋಗಲಿಲ್ಲ. ಅಮ್ಮನಂತೂ ಕಣ್ಣು ಮುಚ್ಚಿ ಗೋಡೆಗೆ ಒರಗಿದ್ದರು. ನನಗೆ ಅಮ್ಮ ಪೆಟ್ಟಿಗೆಯ ಹಿಂದೆ ನೋಡಿದರೆ ಏನು ಹೇಳುವುದು ಎನ್ನುವುದೊಂದೇ ಚಿಂತೆ. ಬಾಗಿಲು ತೆಗೆದ ಕೂಡಲೇ ನಾನೇ ಮೊದಲು ನುಗ್ಗಿ ಆ ಎಲೆಗೆ ಅಡ್ಡ ನಿಲ್ಲಬೇಕೆಂದು ಲೆಕ್ಕ ಹಾಕಿಕೊಂಡೆ.

ಅರ್ಧ ಗಂಟೆ ಕಳೆದಿರಬಹುದು. ಮಾವ ಒಮ್ಮೆ ಕೆಮ್ಮಿ ಬಾಗಿಲು ತೆಗೆದರು. ನಾನು ಏಳುವಷ್ಟರಲ್ಲಿ ಅಮ್ಮ ಒಳಗೆ ಹೋಗಿಯಾಗಿತ್ತು. ಕೈ ಮುಗಿಯಲೂ ಇಲ್ಲ. ಎರಡು ಸಾಲುಗಳ ನಡುವೆ ನೆಟ್ಟಗೆ ನಡೆದು ಪೆಟ್ಟಿಗೆಯ ಹತ್ತಿರ ಹೋಗಿ ನಿಂತುಬಿಟ್ಟರು.

“ಇದು ವಿಠಲನದ್ದಲ್ವಾ?”

ಮಾವ ಹೋಗಿ ನೋಡಿದರು. ನಾನೂ ನೋಡಿದೆ. ಎಲೆಯ ತುದಿ ಎಡಕ್ಕಿತ್ತು. ಸೀಳಿದ ಅದೇ ತುದಿ, ಪೆಟ್ಟಿಗೆಯ ಕಾಲಿನಿಂದ ದೂರ, ಗೋಡೆಯ ಕಡೆಗೆ. ಅನ್ನದ ಗುಪ್ಪೆ ಒಂದಿಷ್ಟೂ ಕುಸಿದಿರಲಿಲ್ಲ. ಅದರ ಮೇಲಿನ ಸಾರು ಹರಿದಿರಲಿಲ್ಲ. ನೀರಿನ ಲೋಟ ಇಟ್ಟಲ್ಲೇ ಇತ್ತು. ಉಳಿದ ಹತ್ತು ಎಲೆಗಳ ತುದಿಗಳು ಬಲಕ್ಕೇ ಇದ್ದವು.

ಅಮ್ಮ ಅಳಲಿಲ್ಲ, ಕೂಗಾಡಲಿಲ್ಲ. ಆ ಎಲೆಯ ಮುಂದೆ ಕುಕ್ಕುರುಗಾಲಲ್ಲಿ ಕೂತು, “ಅಣ್ಣ, ನೀವು ಕರೆದ್ರೂ ನನ್ನ ಮಗ ಸತ್ತವರ ಸಾಲಿನಲ್ಲಿ ಕೂತುಕೊಳ್ಳಲಿಲ್ಲ ನೋಡಿ” ಎಂದರು. ಹದಿಮೂರು ವರ್ಷಗಳಲ್ಲಿ ನಾನು ಕಾಣದಿದ್ದ ಒಂದು ಬೆಳಕು ಅವರ ಮುಖದಲ್ಲಿತ್ತು. ನನಗಾದದ್ದು ಸಂತೋಷವಲ್ಲ, ಹೆದರಿಕೆ.

ಮಾವ ನನ್ನ ಕಿಸೆಗೆ ಕೈ ಹಾಕಿ ಪಟ್ಟಿ ತೆಗೆದು “ಹೊಡೆದುಹಾಕು ಅವನ ಹೆಸರನ್ನು” ಎಂದರು. ಅಮ್ಮನ ಕಣ್ಣೆದುರಿಗೇ ಪೆನ್ನಿನಿಂದ ಗೀಟು ಎಳೆದೆ. ಅಷ್ಟು ಸಾಲದೆಂದು ಅಮ್ಮ ಕಾಗದದ ಆ ಭಾಗವನ್ನೇ ಹರಿದು ತೆಗೆದು ಒಲೆಗೆ ಹಾಕಿದರು. ಪಟ್ಟಿ ಸುಳ್ಳು ಓದಿದ್ದಕ್ಕೆ ನನಗೆ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಬದರಿಗೆ ಹೋದೆವು, ಮೂವರೂ ಜೀವಸಹಿತ ಮರಳಿದೆವು. ಆ ದಾರಿಯ ಕಷ್ಟ ಸುಖ ಬರೆಯಲು ಬೇರೆಯವರಿದ್ದಾರೆ. ಬ್ರಹ್ಮಕಪಾಲದಲ್ಲಿ ಹತ್ತು ಪಿಂಡ ಇಟ್ಟ ಮೇಲೆ ಅಲ್ಲಿಯ ಪುರೋಹಿತ ಹಿಂದಿಯಲ್ಲಿ “ಇನ್ನು ಯಾರಾದರೂ ಇದ್ದಾರೆಯೇ?” ಎಂದು ಕೇಳಿದ. ನಾನು ಅದರ ಅರ್ಥ ಹೇಳುವ ಮುಂಚೆಯೇ, ಹಿಂದಿಯ ಒಂದಕ್ಷರ ತಿಳಿಯದ ಅಮ್ಮ ಜೋರಾಗಿ ತಲೆ ಅಲ್ಲಾಡಿಸಿ ಇಲ್ಲವೆಂದರು.

ಈಗ ನನ್ನ ಲೆಕ್ಕ. ಇಲಿಯೋ ಬೆಕ್ಕೋ ಎಳೆದಿರಬಹುದು ಎಂದರೆ ಸಾರು ಚೆಲ್ಲಬೇಕಿತ್ತು. ಮೂಡಬಿದ್ರೆಯ ನನ್ನ ಬಾಡಿಗೆ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು, ಎಲೆಗೆ ಅನ್ನ ಸಾರು ಬಡಿಸಿ, ಸುತ್ತು ತಿರುಗಿಸಿ ನೋಡಿದ್ದೇನೆ. ಐದು ಸಲ ಮಾಡಿದೆ. ಐದು ಸಲವೂ ನೆಲ ಒರೆಸಬೇಕಾಯಿತು. ಬಡಿಸುವ ಮುಂಚೆ ಯಾರಾದರೂ ತಿರುಗಿಸಿದ್ದರೆ? ನನ್ನ ಅನುಮಾನ ಹೋದದ್ದು ಅಮ್ಮನ ಮೇಲೆ. ನಾನು ಕೈ ತೊಳೆಯಲು ಹೋದಾಗ ಒಳಗೆ ಹೋಗಿ ನೋಡಿರಬಹುದಲ್ಲ? ಮೆಲ್ಲಗೆ ಮಾವನನ್ನು ಕೇಳಿದೆ. “ಅವಳು ಹೊಸ್ತಿಲು ದಾಟಲಿಲ್ಲ ಮಾರಾಯ, ನಾನು ಅಲ್ಲೇ ಇದ್ದೆ. ನಾನು ಅನ್ನ ಹಾಕುವಾಗಲೂ ತುದಿ ಬಲಕ್ಕೇ ಇತ್ತು. ತುದಿ ಹರಿದದ್ದು ಯಾಕೇಂತ ನಿನ್ನನ್ನು ಕೇಳ್ಬೇಕು ಅಂತ ಎಣಿಸಿದ್ದೆ” ಎಂದರು. ಮಾವನೇ ಮಾಡಿದ್ದರೆ ಎಂದೂ ಯೋಚಿಸಿದ್ದೇನೆ. ಆದರೆ ಹೆಸರು ಬೇಕೆಂದದ್ದೇ ಅವರು. ಅವರು ಸಾಯುವವರೆಗೆ ಆ ಕೋಣೆಗೆ ಒಬ್ಬರೇ ಹೋಗುತ್ತಿರಲಿಲ್ಲ. ಎರಡು ವರ್ಷದ ನಂತರ ತೀರಿಕೊಂಡರು.

ಉಳಿಯುವುದು ಒಂದೇ ಉತ್ತರ. ನಾನೇ ಗಾಬರಿಯಲ್ಲಿ ತಪ್ಪು ಹಾಕಿದೆ, ಮಾವ ಗಾಬರಿಯಲ್ಲಿ ಸರಿಯಾಗಿ ನೋಡಲಿಲ್ಲ. ಬೇರೆ ಯಾರಾದರೂ ಈ ಕಥೆ ಹೇಳಿದ್ದರೆ ನಾನೇ ಅವರಿಗೆ ಹೀಗೆ ಹೇಳಿ ನಗುತ್ತಿದ್ದೆ. ಆದರೆ ಆ ತುದಿಯನ್ನು ಪೆಟ್ಟಿಗೆಯ ಕಾಲಿಗೆ ಒತ್ತಿ ಇಟ್ಟದ್ದು ನನ್ನ ಈ ಬೆರಳುಗಳಿಗೆ ನೆನಪಿದೆ.

ವಿಠಲಣ್ಣ ಬರಲಿಲ್ಲ. ಕಾಗದವೂ ಬರಲಿಲ್ಲ. ಅಮ್ಮ ಮಾತ್ರ ಅಂದಿನಿಂದ ಬೊಂಬಾಯಿಯವರ ಮನೆಗಳಿಗೆ ವಿಚಾರಿಸಲು ಹೋಗುವುದನ್ನು ನಿಲ್ಲಿಸಿದರು. ಇದ್ದಾನೆ ಎಂದು ಗೊತ್ತಾದ ಮೇಲೆ ಕೇಳುವುದೇನು, ಬರುತ್ತಾನೆ ಎಂಬ ಧೈರ್ಯ. ಹತ್ತು ವರ್ಷ ಹಾಗೆ ಕಾದರು. ನಾನು ಒಂದು ದಿನವೂ ಅವರ ಎದುರು ಆ ಮಾತು ತೆಗೆಯಲಿಲ್ಲ, ಅವರೂ ತೆಗೆಯಲಿಲ್ಲ.

ಅರುವತ್ತರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ ಅಮ್ಮ ಹಾಸಿಗೆ ಹಿಡಿದರು. ಇನ್ನು ಹೆಚ್ಚು ದಿನ ಇಲ್ಲವೆಂದು ಡಾಕ್ಟರು ಹೇಳಿ ಹೋಗಿದ್ದರು. ಒಂದು ಸಂಜೆ ಗಂಜಿ ಕುಡಿಸುತ್ತಿದ್ದಾಗ ಚಮಚವನ್ನು ಕೈಯಿಂದ ತಡೆದು, “ಒಂದು ಕೇಳ್ತೇನೆ, ಸತ್ಯ ಹೇಳು. ಆ ಎಲೆಯನ್ನು ನೀನೇ ತಿರುಗಿಸಿ ಹಾಕಿದ್ದಲ್ವಾ? ನನಗೆ ಬೇಜಾರಾಗ್ತದೆ ಅಂತ?” ಎಂದರು.

ನಾನು ಅಮ್ಮನನ್ನು ಅನುಮಾನಿಸಿದ ಹಾಗೆಯೇ ಅಮ್ಮ ಇಷ್ಟು ವರ್ಷ ನನ್ನನ್ನು ಅನುಮಾನಿಸಿದ್ದರು! ಒಮ್ಮೆ ಪಟ್ಟಿ ಓದುವಾಗ ಅವರಿಗೆ ಸುಳ್ಳು ಹೇಳಿದ್ದೆ. ಸಾಯುವ ಹೊತ್ತಿನಲ್ಲಿ ಇನ್ನೊಂದು ಹೇಳಲು ಮನಸ್ಸು ಬರಲಿಲ್ಲ.

“ಇಲ್ಲಮ್ಮ, ನಾನಲ್ಲ.”

ಅಮ್ಮ ನನ್ನ ಮೇಲಿನ ಕಣ್ಣು ತೆಗೆದು ಮಾಡಿನ ಹಂಚನ್ನು ನೋಡಿದರು. ಆಮೇಲೆ, “ಹೌದು ಅಂತ ಹೇಳ್ಬಹುದಿತ್ತಲ್ಲ, ಮಗ,” ಎಂದರು. “ನೀನಲ್ಲ ಅಂತಾದ್ರೆ ಅವನು ಬದುಕಿದ್ದೂ ನನ್ನನ್ನು ನೋಡ್ಲಿಕ್ಕೆ ಬರಲಿಲ್ಲ.”

ಮತ್ತೆ ಗಂಜಿ ಬೇಡವೆಂದರು. ಮರುದಿನ ಬೆಳಗ್ಗೆ ಹೋದರು. ಅಮ್ಮನಿಗೆ ನಾನು ಕೊನೆಗೆ ಹೇಳಿದ್ದು ಸತ್ಯವೋ ಅಲ್ಲವೋ, ನನಗೆ ಇವತ್ತಿಗೂ ಗೊತ್ತಿಲ್ಲ.